ತುಮಕೂರಿನ ಒಂದು ಮೂಳೆ ಆಸ್ಪತ್ರೆ: ಸಿಂಕಿನಿಂದ ಶುರುಮಾಡಿ ನೋಡಿದ್ದು

5ಕ್ಕೆ 4 ಕೊಡುತ್ತೇನೆ. ಒಂದು ಯಾಕೆ ಕಳೆದೆ ಅನ್ನುವುದನ್ನು ಕೆಳಗೆ ವಿವರವಾಗಿ ಬರೆದಿದ್ದೇನೆ. ರೋಗಿಯ ಜೊತೆ ರಾತ್ರಿ ಉಳಿಯುವವರು ದಯವಿಟ್ಟು ಆ ಭಾಗ ಓದದೆ ಬಿಡಬೇಡಿ. ಆಸ್ಪತ್ರೆಯ ಹೆಸರು ಹಾಕಿಲ್ಲ. ಮೆಚ್ಚುಗೆಯ ಜೊತೆಗೆ ದೂರುಗಳೂ ಇವೆ, ಅವನ್ನು ಅಲ್ಲಿನ ಆಡಳಿತಕ್ಕೇ ಬರೆದುಕೊಟ್ಟು ಬಂದಿದ್ದೇನೆ. ತುಮಕೂರಿನಲ್ಲಿ ಇಂಥ ಮಧ್ಯಮ ಗಾತ್ರದ ಆಸ್ಪತ್ರೆಗಳು ಹಲವು ಇವೆ. ಯಾವುದಕ್ಕೆ ಹೋದರೂ ನಾನು ನೋಡಿದ್ದನ್ನು ನೀವೂ ನೋಡಬಹುದು.

ನಮ್ಮಕ್ಕನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಕೆಳಗೆ ತೊಡೆಮೂಳೆ ಮುರಿಯಿತು. ಆಪರೇಷನ್ ಮಾಡಿ ರಾಡ್ ಹಾಕಿದರು, ಆಮೇಲೆ ವಾರಕ್ಕೂ ಹೆಚ್ಚು ವಾರ್ಡಿನಲ್ಲಿ. ಜೊತೆಗಿದ್ದವಳು ನಾನು. ಆಸ್ಪತ್ರೆ ಚೆನ್ನಾಗಿದೆಯಾ ಅಂತ ಕೇಳಿದರೆ ಜನ ಡಾಕ್ಟರ ಕೈಗುಣ, ಬಿಲ್ಲು, ರೂಮು, ಊಟ ಇವನ್ನು ಹೇಳುತ್ತಾರೆ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತಿಯಾದವಳು. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಕೈ ತೊಳೆಯುವ ಸಿಂಕಿನ ಕಡೆಗೆ.

ಯಾಕೆಂದು ಹೇಳುತ್ತೇನೆ. ಕೀವು, ಮೂತ್ರ, ರಕ್ತ ಏನೇ ಲ್ಯಾಬಿಗೆ ಬಂದರೂ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅಗಾರ್ (ಬ್ಯಾಕ್ಟೀರಿಯಾ ಬೆಳೆಯುವ ಗಟ್ಟಿ ಆಹಾರ) ತಟ್ಟೆಯ ತುಂಬ ಒಂದೇ ಸಮನೆ ಸವರಿ, ಮೇಲೆ ಆಂಟಿಬಯಾಟಿಕ್ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು ರಾತ್ರಿಯಿಡೀ 35 ಡಿಗ್ರಿ ಶಾಖದಲ್ಲಿ ಬಿಡುತ್ತೇವೆ. ಬೆಳಿಗ್ಗೆ ತೆಗೆದು ನೋಡಿದರೆ, ಔಷಧ ಕೆಲಸ ಮಾಡಿದ ಕಡೆ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿಯಾದ ವೃತ್ತ. ಅದನ್ನು ಸ್ಕೇಲಿನಲ್ಲಿ ಅಳೆದು ಎಸ್ (ಸೆನ್ಸಿಟಿವ್, ಔಷಧಕ್ಕೆ ಬಗ್ಗುತ್ತದೆ) ಅಥವಾ ಆರ್ (ರೆಸಿಸ್ಟೆಂಟ್, ಬಗ್ಗುವುದಿಲ್ಲ) ಅಂತ ಬರೆಯುತ್ತೇವೆ. ರೆಸಿಸ್ಟೆಂಟ್ ಆದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿಗೇ ಬಂದು ಮುಟ್ಟಿರುತ್ತದೆ, ಔಷಧ ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಅಂಥ ತಟ್ಟೆ ಸಿಕ್ಕಿದರೆ ಸಹೋದ್ಯೋಗಿಗಳನ್ನು ಕರೆದು ತೋರಿಸುತ್ತಿದ್ದೆವು. ಬಿಡುವ ಹೊತ್ತಿಗೆ ಯಾರೂ ಕರೆಯುತ್ತಿರಲಿಲ್ಲ, ದಿನವೂ ಬರುತ್ತಿತ್ತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ತಟ್ಟೆಗಿಂತ ರಿಜಿಸ್ಟರು. ಒಂದೇ ವಾರ್ಡಿನ ಅಕ್ಕಪಕ್ಕದ ಹಾಸಿಗೆಗಳಿಂದ, ಕೆಲವೇ ದಿನದ ಅಂತರದಲ್ಲಿ, ಒಂದೇ ಬ್ಯಾಕ್ಟೀರಿಯಾ ಬರುತ್ತಿತ್ತು: ಅದೇ ಕ್ಲೆಬ್ಸಿಯೆಲ್ಲಾ, ಅದೇ ಔಷಧಗಳಿಗೆ ಆರ್, ಉಳಿದ ಒಂದೆರಡಕ್ಕೆ ಅದೇ ಎಸ್. ಎರಡನೆಯ ರೋಗಿ ಆ ದೊಡ್ಡ ಆಂಟಿಬಯಾಟಿಕ್‌ಗಳನ್ನು ಜೀವಮಾನದಲ್ಲಿ ಮುಟ್ಟಿರುತ್ತಿರಲಿಲ್ಲ. ಆ ರೆಸಿಸ್ಟೆನ್ಸ್ ಅವರ ಮೈಯಲ್ಲಿ ಹುಟ್ಟಿದ್ದಾಗಿರಲಿಲ್ಲ. ಪಕ್ಕದ ಹಾಸಿಗೆಯಿಂದ ಯಾರದೋ ಕೈ ಹಿಡಿದು ಬಂದದ್ದು. ಆಂಟಿಬಯಾಟಿಕ್ ಬೇಕಾಬಿಟ್ಟಿ ನುಂಗಬೇಡಿ ಅಂತ ಈಗ ಎಲ್ಲರೂ ಹೇಳುತ್ತಾರೆ, ಸರಿಯಾದ ಮಾತು. ಒಂದು ಮಾತ್ರೆಯನ್ನೂ ನುಂಗದವರಿಗೂ ಈ ಬ್ಯಾಕ್ಟೀರಿಯಾ ಕೊಳಕು ಕೈಯಿಂದ, ಕೊಳಕು ನೀರಿನಿಂದ ತಲುಪುತ್ತದೆ ಅನ್ನುವುದನ್ನು ಮಾತ್ರ ಅಷ್ಟು ಜೋರಾಗಿ ಯಾರೂ ಹೇಳುವುದಿಲ್ಲ. 2018ರಲ್ಲಿ ನೂರಕ್ಕೂ ಹೆಚ್ಚು ದೇಶಗಳ ಲೆಕ್ಕ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನದಲ್ಲೂ ಇದೇ ಕಂಡಿತ್ತು. ಎಷ್ಟು ಆಂಟಿಬಯಾಟಿಕ್ ಬಳಸುತ್ತಾರೆ ಅನ್ನುವುದಕ್ಕಿಂತ, ಶುದ್ಧ ನೀರು, ಒಳಚರಂಡಿಯಂಥ ಮೂಲಸೌಕರ್ಯ ಮತ್ತು ಆಡಳಿತ ಹೇಗಿದೆ ಅನ್ನುವುದರ ಜೊತೆಗೇ ರೆಸಿಸ್ಟೆನ್ಸ್‌ಗೆ ಹೆಚ್ಚು ನಂಟು.

ಇನ್ನು ಆಸ್ಪತ್ರೆಯ ವಿಷಯ.

ವಾರ್ಡಿನ ಬಾಗಿಲಲ್ಲೇ ಸಿಂಕ್ ಇದೆ. ಮೊಣಕೈಯಿಂದ ತಳ್ಳುವ ಉದ್ದ ಹಿಡಿಕೆಯ ನಲ್ಲಿ, ಸಾಕಷ್ಟು ಆಳದ ಬೋಗುಣಿ. ನೀರಿನ ಧಾರೆ ನೇರವಾಗಿ ಚರಂಡಿಯ ತೂತಿನ ಮೇಲೆ ಬೀಳದ ಹಾಗೆ ನಲ್ಲಿ ಕೂರಿಸಿದ್ದಾರೆ. ಇದನ್ನು ಕಂಡಾಗಲೇ ನನಗೆ ಅರ್ಧ ನಂಬಿಕೆ ಬಂತು. ಸಿಂಕಿನ ಕೊಳವೆಯೊಳಗೆ ಲೋಳೆಯ ಪದರ ಕಟ್ಟಿಕೊಂಡು ಸ್ಯೂಡೋಮೊನಾಸ್, ಕ್ಲೆಬ್ಸಿಯೆಲ್ಲಾದಂಥವು ಬೀಡುಬಿಟ್ಟಿರುತ್ತವೆ. ಧಾರೆ ತೂತಿನ ಮೇಲೇ ಬಿದ್ದರೆ ಅವು ಹನಿಗಳ ಜೊತೆ ಚಿಮ್ಮಿ ಈಗ ತಾನೇ ತೊಳೆದ ಕೈ ಮೇಲೆ, ಪಕ್ಕದಲ್ಲಿಟ್ಟ ಟ್ರೇ ಮೇಲೆ ಕೂರುತ್ತವೆ. ಸೋಪು ದ್ರವರೂಪದ್ದು, ಪಂಪ್ ಇರುವ ಬಾಟಲಿಯಲ್ಲಿ. ಖಾಲಿಯಾದ ಬಾಟಲಿಗೆ ಮೇಲಿಂದ ಮೇಲೆ ಸುರಿದು ತುಂಬುವುದಿಲ್ಲ, ಬಾಟಲಿಯನ್ನೇ ಬದಲಾಯಿಸುತ್ತಾರೆ. ಒರೆಸಿಕೊಳ್ಳಲು ಕಾಗದದ ನ್ಯಾಪ್ಕಿನ್. ಮೊಳೆಗೆ ಜೋತುಬಿದ್ದ, ಎಲ್ಲರೂ ಒರೆಸಿ ಒರೆಸಿ ಬೂದು ಬಣ್ಣಕ್ಕೆ ತಿರುಗಿದ ಟವೆಲ್ ಇಲ್ಲಿ ಇಲ್ಲ. ಎಷ್ಟೋ ಹೆಸರಾಂತ ಜಾಗಗಳಲ್ಲಿ ಆ ಟವೆಲ್ ನೋಡಿ ನನಗೆ ಸಂಕಟವಾಗಿದೆ.

ಪ್ರತಿ ಹಾಸಿಗೆಯ ಕಾಲ ಬಳಿ ಕೈಗೆ ಉಜ್ಜಿಕೊಳ್ಳುವ ಆಲ್ಕೋಹಾಲ್ ದ್ರವದ ಹ್ಯಾಂಡ್‌ರಬ್ ಬಾಟಲಿ, ಅದರ ಮೇಲೆ ತೆರೆದ ತಾರೀಖು ಪೆನ್ನಿನಲ್ಲಿ ಬರೆದಿತ್ತು. ಖಾಲಿ ಬಾಟಲಿ ಒಂದೂ ಕಾಣಲಿಲ್ಲ. ಇದು ಶೋಕಿಗೆ ಇಡುವ ವಸ್ತುವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿಶ್ರಣದಲ್ಲಿ 80 ಭಾಗ ಇಥೆನಾಲ್ ಇಲ್ಲವೇ 75 ಭಾಗ ಐಸೊಪ್ರೊಪೈಲ್ ಆಲ್ಕೋಹಾಲ್, ಕೈ ಒಡೆಯದಿರಲೆಂದು ಸ್ವಲ್ಪ ಗ್ಲಿಸರಿನ್ ಇರುತ್ತದೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾದ ಯಾವುದೋ ಒಂದು ಕೆಲಸಕ್ಕೆ ಅಡ್ಡಗಾಲು ಹಾಕುತ್ತದೆ, ಬ್ಯಾಕ್ಟೀರಿಯಾ ಆ ಒಂದನ್ನು ಬದಲಾಯಿಸಿಕೊಂಡು ತಪ್ಪಿಸಿಕೊಳ್ಳುತ್ತದೆ. ಆಲ್ಕೋಹಾಲ್ ಅದರ ಹೊರಪೊರೆಯನ್ನೇ ಕೆಡಿಸಿ ಒಳಗಿನ ಪ್ರೋಟೀನನ್ನೇ ಹಾಳುಮಾಡುತ್ತದೆ. ಹಾಗಾಗಿ ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಅಂಗೈ ಮೇಲೆ ಅರ್ಧ ನಿಮಿಷದ ಉಜ್ಜುವಿಕೆಗೆ ಸಾಯುತ್ತದೆ. ಕಣ್ಣಿಗೆ ಕಾಣುವ ಕೊಳೆ ಇದ್ದಾಗ, ಭೇದಿಯ ರೋಗಿಯನ್ನು ಮುಟ್ಟಿದಾಗ ಮಾತ್ರ ಸೋಪು ನೀರೇ ಆಗಬೇಕು. ಕ್ಲಾಸ್ಟ್ರಿಡಿಯಂ ಡಿಫಿಸಿಲ್‌ನ ಬೀಜಾಣುಗಳಿಗೆ ಆಲ್ಕೋಹಾಲ್ ತಾಗುವುದಿಲ್ಲ, ಅವನ್ನು ತೊಳೆದು ಹರಿಸಿಯೇ ಕಳೆಯಬೇಕು.

ಹಾಸಿಗೆಯ ಪಕ್ಕದಲ್ಲೇ ಬಾಟಲಿ ಇಡುವುದರಿಂದ ಏನಾಗುತ್ತದೆ ಅನ್ನುವುದಕ್ಕೆ ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯ ಲೆಕ್ಕ ಇದೆ, ಡಿಡಿಯೆ ಪಿಟೆ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ್ದು. 1994ರಿಂದ 1997ರವರೆಗೆ ಅಲ್ಲಿ ಕೈ ಶುಚಿ ಮಾಡಿಕೊಳ್ಳಬೇಕಾದ ಸಂದರ್ಭಗಳಲ್ಲಿ ಸಿಬ್ಬಂದಿ ನಿಜಕ್ಕೂ ಮಾಡಿಕೊಂಡದ್ದು ನೂರಕ್ಕೆ 48ರಿಂದ 66ಕ್ಕೆ ಏರಿತು. ಅಷ್ಟಕ್ಕೇ, ಆಸ್ಪತ್ರೆಯಲ್ಲಿ ಅಂಟುವ ಸೋಂಕು ನೂರಕ್ಕೆ 16.9ರಿಂದ 9.9ಕ್ಕೆ ಇಳಿಯಿತು, ಹಲವು ಔಷಧಗಳಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವಾದ ಎಂಆರ್‌ಎಸ್‌ಎ ಹರಡುವುದು ಅರ್ಧಕ್ಕೂ ಕೆಳಗೆ ಬಂತು. ನೂರಕ್ಕೆ ನೂರು ಆಗಬೇಕಾಗಿಲ್ಲ ನೋಡಿ. ಮೂರರಲ್ಲಿ ಎರಡು ಸಲ ಸರಿಮಾಡಿದರೂ ಇಷ್ಟು.

ಇಲ್ಲಿನ ಸಿಸ್ಟರ್‌ಗಳು ಎರಡಕ್ಕಿಂತ ಹೆಚ್ಚೇ ಸರಿಮಾಡುತ್ತಾರೆ. ಬೆಳಗಿನ ರೌಂಡ್ಸ್‌ನಲ್ಲಿ ನಾನು ಬೇಕೆಂದೇ ಕೈಗಳನ್ನೇ ನೋಡುತ್ತಾ ಕೂತಿದ್ದೆ. ಮೂಳೆ ಡಾಕ್ಟರು ಮುಂಗೈ ಪೂರ್ತಿ ಬರಿದು ಮಾಡಿಕೊಂಡು ಬರುತ್ತಾರೆ, ವಾಚಿಲ್ಲ, ಉಂಗುರವಿಲ್ಲ, ತೋಳು ಮಡಚಿರುತ್ತದೆ. ಒಂದು ಹಾಸಿಗೆ ಮುಗಿಸಿ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ಹ್ಯಾಂಡ್‌ರಬ್ ಹಚ್ಚಿಕೊಂಡು ಹೆಬ್ಬೆರಳನ್ನು ಮುಷ್ಟಿಯೊಳಗೆ ತಿರುಗಿಸುತ್ತಾರೆ. ಈ ಹೆಬ್ಬೆರಳು ಮತ್ತು ಉಗುರಿನ ತುದಿಯನ್ನೇ ಜನ ಬಿಟ್ಟುಬಿಡುವುದು. ನಾವು ಹೊಸ ನರ್ಸ್‌ಗಳಿಗೆ ಪಾಠ ಮಾಡುವಾಗ ಐದೂ ಬೆರಳ ತುದಿಯನ್ನು ಅಗಾರ್ ತಟ್ಟೆಗೆ ಒತ್ತಿಸಿ ಮರುದಿನ ತೋರಿಸುತ್ತಿದ್ದೆವು. ಬೆರಳಿನ ಗುರುತಿನ ಉದ್ದಕ್ಕೂ ಬಿಳಿ, ಹಳದಿ ಚುಕ್ಕೆಗಳು ಒತ್ತೊತ್ತಾಗಿ ಎದ್ದಿರುತ್ತಿದ್ದವು. ಗಡಿಬಿಡಿಯಲ್ಲಿ ತೊಳೆದ ಕೈಯ ತಟ್ಟೆಯಲ್ಲಿ ನಾಲ್ಕು ಬೆರಳು ತಿಳಿಯಾಗಿ, ಹೆಬ್ಬೆರಳೊಂದು ಮಾತ್ರ ತುಂಬಿಕೊಂಡು ಕೂತಿರುತ್ತಿತ್ತು. ಅದನ್ನು ನೋಡಿದ ಹುಡುಗಿಯರು ಆಮೇಲೆ ಮರೆತದ್ದು ಕಡಿಮೆ.

ನರ್ಸಿಂಗ್ ಸ್ಟೇಷನ್ನಿನ ಗೋಡೆಯಲ್ಲಿ ಕೈ ಶುಚಿ ಮಾಡಿಕೊಳ್ಳಬೇಕಾದ ಐದು ಸಂದರ್ಭಗಳ ಚಿತ್ರ ಕನ್ನಡದಲ್ಲೇ ಇದೆ: ರೋಗಿಯನ್ನು ಮುಟ್ಟುವ ಮೊದಲು, ಸೂಜಿ, ಡ್ರೆಸ್ಸಿಂಗ್‌ನಂಥ ಶುದ್ಧ ಕೆಲಸಕ್ಕೆ ಮೊದಲು, ರಕ್ತ, ಮೂತ್ರ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತುವನ್ನು ಮುಟ್ಟಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿದ್ದು ಇದನ್ನೇ. ಐದನೆಯದು ಯಾಕೆ ಅಂತ ಎಷ್ಟೋ ಮಂದಿ ಕೇಳುತ್ತಾರೆ. ಮಂಚದ ಕಂಬಿ, ಸಲೈನ್ ಸ್ಟ್ಯಾಂಡು, ಕರೆಗಂಟೆಯ ಗುಂಡಿ, ಪರದೆ ಇವುಗಳ ಮೇಲೆ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣಗಿಯೂ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಬದುಕಿರುತ್ತದೆ. ಸ್ಟ್ಯಾಫಿಲೊಕಾಕಸ್ ಕೂಡ ಹಾಗೆಯೇ. ಈ ಹಾಸಿಗೆಯ ಹಿಂದಿನ ರೋಗಿ ಮನೆಗೆ ಹೋಗಿ ಎಷ್ಟೋ ದಿನವಾದ ಮೇಲೂ ಅವರ ಬ್ಯಾಕ್ಟೀರಿಯಾ ಇಲ್ಲೇ ಇರಬಹುದು. ಇಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತು ಕಂಬಿ ಒರೆಸುತ್ತಾರೆ, ರೋಗಿ ಡಿಸ್ಚಾರ್ಜ್ ಆದಾಗ ಹಾಸಿಗೆಯ ರೆಕ್ಸಿನ್ ಹೊದಿಕೆಯನ್ನು ತಿರುವಿ ಹಾಕಿ ಒರೆಸುತ್ತಾರೆ. ಸಾರಿಸುವ ಬಟ್ಟೆ ವಾರ್ಡಿಗೆ ಬೇರೆ, ಟಾಯ್ಲೆಟ್ಟಿಗೆ ಬೇರೆ ಬಣ್ಣದ್ದು.

ಅಕ್ಕನಿಗೆ ಮೂತ್ರದ ಕ್ಯಾಥೆಟರ್ ಹಾಕಿದ್ದರು. ಚೀಲವನ್ನು ಮಂಚದ ಕೆಳಗಿನ ಕೊಕ್ಕೆಗೆ, ನೆಲಕ್ಕೆ ತಾಗದ ಹಾಗೆ ನೇತುಹಾಕಿದ್ದರು. ಚೀಲ ಖಾಲಿ ಮಾಡುವ ಅಳತೆಯ ಮಗ್ ಪ್ರತಿ ರೋಗಿಗೂ ಬೇರೆ, ಹಾಸಿಗೆಯ ನಂಬರ್ ಬರೆದದ್ದು. ಇದು ಸಣ್ಣ ವಿಷಯ ಅಂತ ಕಾಣಬಹುದು. ಒಂದೇ ಮಗ್ ಹಿಡಿದು ಸಾಲಾಗಿ ಎಲ್ಲರ ಚೀಲ ಖಾಲಿ ಮಾಡಿಕೊಂಡು ಹೋದರೆ, ಮೊದಲ ಹಾಸಿಗೆಯ ರೆಸಿಸ್ಟೆಂಟ್ ಇ. ಕೋಲೈ ಕೊನೆಯ ಹಾಸಿಗೆ ತಲುಪಲು ಒಂದು ಸುತ್ತು ಸಾಕು. ಆಪರೇಷನ್ನಿನ ಮರುದಿನವೇ ಡಾಕ್ಟರು ಕ್ಯಾಥೆಟರ್ ತೆಗೆಸಿದರು. ಅಕ್ಕ ನೋವಿನಲ್ಲಿ ಇನ್ನೊಂದೆರಡು ದಿನ ಇರಲಿ ಅಂದಳು, ಸಿಸ್ಟರ್ ಸಮಾಧಾನವಾಗಿ ವಿವರಿಸಿ ಒಪ್ಪಿಸಿದರು. ಕೊಳವೆ ಒಳಗಿದ್ದಷ್ಟು ದಿನವೂ ಸೋಂಕಿನ ಅಪಾಯ ಏರುತ್ತಲೇ ಹೋಗುತ್ತದೆ, ಅವರು ಮಾಡಿದ್ದೇ ಸರಿ.

ಆಂಟಿಬಯಾಟಿಕ್ ವಿಚಾರದಲ್ಲೂ ನನಗೆ ಗೌರವ ಮೂಡಿತು. ಕೊಯ್ಯುವ ಮೊದಲಿನ ಒಂದು ಗಂಟೆಯೊಳಗೆ ಸೆಫಜೋಲಿನ್ ಇಂಜೆಕ್ಷನ್, ಆಮೇಲೆ ಒಂದು ದಿನದೊಳಗೆ ನಿಲ್ಲಿಸಿದರು. ಹೊಲಿಗೆ ಬಿಚ್ಚುವ ತನಕ ಮಾತ್ರೆ ನುಂಗಿಸುವ ಅಭ್ಯಾಸ ಎಷ್ಟೋ ಕಡೆ ಇದೆ. ಪಕ್ಕದ ಹಾಸಿಗೆಯವರ ಮಗ ನಮ್ಮಮ್ಮನಿಗೆ ಯಾಕೆ ಪವರ್‌ಫುಲ್ ಮಾತ್ರೆ ಕೊಡುತ್ತಿಲ್ಲ ಅಂತ ಜಗಳಕ್ಕೇ ನಿಂತರು. ಡಾಕ್ಟರು ಬಗ್ಗಲಿಲ್ಲ. ಆಪರೇಷನ್ ಥಿಯೇಟರ್ ಶುದ್ಧವಾಗಿದ್ದರೆ, ಡ್ರೆಸ್ಸಿಂಗ್ ಮಾಡುವ ಕೈ ಶುದ್ಧವಾಗಿದ್ದರೆ ಆ ಧೈರ್ಯ ಬರುತ್ತದೆ. ಶುಚಿತ್ವದ ಮೇಲೆ ನಂಬಿಕೆ ಇಲ್ಲದ ಕಡೆಯೇ ಮಾತ್ರೆಯ ಪಟ್ಟಿ ಉದ್ದವಾಗುವುದು.

ನಾವಿದ್ದಾಗಲೇ ಬೇರೆ ಊರಿನ ಐಸಿಯುನಿಂದ ಒಬ್ಬ ರೋಗಿಯನ್ನು ಕರೆತಂದರು. ಅವರ ಹಳೆಯ ಕಲ್ಚರ್ ರಿಪೋರ್ಟಿನಲ್ಲಿ (ಬ್ಯಾಕ್ಟೀರಿಯಾ ಬೆಳೆಸಿ ನೋಡಿದ ಲ್ಯಾಬ್ ವರದಿ) ಪ್ರಬಲ ಆಂಟಿಬಯಾಟಿಕ್ ಆದ ಮೆರೊಪೆನೆಮ್‌ಗೆ ಆರ್ ಇತ್ತೆಂದು ಗೊತ್ತಾದ ಕೂಡಲೇ ಮೂಲೆಯ ಒಂಟಿ ಕೋಣೆಗೆ ಸೇರಿಸಿದರು. ಬಾಗಿಲ ಹೊರಗೆ ಗೌನು, ಗ್ಲೌಸು, ಹ್ಯಾಂಡ್‌ರಬ್. ಒಳಗೆ ಅವರಿಗೇ ಅಂತ ಒಂದು ಸ್ಟೆತಸ್ಕೋಪು, ಒಂದು ಬಿಪಿ ಪಟ್ಟಿ, ಒಂದು ಥರ್ಮಾಮೀಟರ್. ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್ ಅಂತ ಒಬ್ಬರು ಇದ್ದಾರೆ, ಅವರೇ ಮುಂದೆ ನಿಂತು ಮಾಡಿಸಿದರು. ರೋಗಿಯ ಹೆಂಡತಿಗೆ ಅವಮಾನವಾಗದ ಹಾಗೆ, ಗಂಡನ ಪಕ್ಕದಲ್ಲೇ ಕೂರಬಹುದು, ಹೊರಬರುವಾಗ ಮಾತ್ರ ಹೀಗೆ ಮಾಡಿ ಅಂತ ತೋರಿಸಿಕೊಟ್ಟ ರೀತಿ ನನ್ನ ಮನಸ್ಸಿಗೆ ತುಂಬ ಹಿಡಿಸಿತು. ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯಲ್ಲದ ಒಂದು ಜಿಲ್ಲಾ ಕೇಂದ್ರದ ಆಸ್ಪತ್ರೆ ಇದನ್ನು ಮಾಡಬಲ್ಲದು ಅನ್ನುವುದನ್ನು ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ಈಗ ಕಳೆದ ಒಂದು ಅಂಕ.

ನಮ್ಮ ಕಡೆ ಆಸ್ಪತ್ರೆಯಲ್ಲಿ ಅರ್ಧ ಶುಶ್ರೂಷೆ ಮಾಡುವುದು ರೋಗಿಯ ಕಡೆಯವರು. ಬೆಡ್‌ಪ್ಯಾನ್ ಇಡುವವರು, ತೆಗೆಯುವವರು, ಮೈ ಒರೆಸುವವರು, ಗಂಜಿ ತಿನ್ನಿಸುವವರು, ಪಕ್ಕದ ಹಾಸಿಗೆಯ ಅಜ್ಜಿಗೆ ಯಾರೂ ಇಲ್ಲದಿದ್ದರೆ ಅವರನ್ನೂ ಎತ್ತಿ ಕೂರಿಸುವವರು ಎಲ್ಲ ನಾವೇ. ಮನುಷ್ಯತ್ವ ಅದು, ಬಿಡಲಾಗುವುದಿಲ್ಲ. ಆದರೆ ಐದು ಸಂದರ್ಭಗಳ ಆ ಚಿತ್ರದಲ್ಲಿ ನಾವಿಲ್ಲ. ಪ್ರತಿ ತಿಂಗಳು ಅವರು ಮಾಡುವ ಹ್ಯಾಂಡ್ ಹೈಜೀನ್ ಆಡಿಟ್‌ನಲ್ಲೂ ನಮ್ಮ ಕೈ ಲೆಕ್ಕಕ್ಕಿಲ್ಲ. ಅಡ್ಮಿಷನ್ ಹೊತ್ತಿಗೆ ಅಡ್ವಾನ್ಸ್ ಎಷ್ಟು, ಪಾಸ್ ಎಷ್ಟು, ವಿಮೆ ಕಾರ್ಡ್ ಎಲ್ಲಿ ಅಂತೆಲ್ಲ ಹೇಳಿದರು. ಕೈ ಯಾವಾಗ ತೊಳೆಯಬೇಕು ಅಂತ ಒಬ್ಬರೂ ಹೇಳಲಿಲ್ಲ. ಹಾಸಿಗೆಯ ಬಳಿಯ ಬಾಟಲಿ ಸ್ಟಾಫ್‌ಗೆ ಮಾತ್ರ ಅಂದುಕೊಂಡು ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ಅದನ್ನು ಮುಟ್ಟಲೂ ಹೆದರುತ್ತಿದ್ದರು.

ಬೆಡ್‌ಪ್ಯಾನ್ ತೊಳೆಯುವ ಜಾಗ ಇದಕ್ಕಿಂತ ಬೇಸರ. ಅದಕ್ಕೆಂದು ಇರುವ ಕೋಣೆಗೆ ಸಿಬ್ಬಂದಿ ಮಾತ್ರ ಹೋಗಬಹುದು, ರಾತ್ರಿ ಅದಕ್ಕೆ ಬೀಗ. ಹಾಗಾಗಿ ಕಡೆಯವರು ಕಾಮನ್ ಟಾಯ್ಲೆಟ್ಟಿನಲ್ಲಿ ತೊಳೆಯುತ್ತಾರೆ. ಅಲ್ಲಿ ಒಂದು ಬಕೆಟ್, ಒಂದು ಮಗ್, ಸೋಪಿಲ್ಲ. ಬೆಡ್‌ಪ್ಯಾನ್ ತೊಳೆದ ಮಗ್ಗಿನ ಹಿಡಿಯನ್ನೇ ಮುಂದಿನವರು ಹಿಡಿಯುತ್ತಾರೆ, ಹೊರಗೆ ಬಂದು ಟಿಫನ್ ಡಬ್ಬಿ ತೆರೆಯುತ್ತಾರೆ. ಇಎಸ್‌ಬಿಎಲ್ ಅನ್ನುವ ಕಿಣ್ವ ತಯಾರಿಸಿ ಸೆಫಲೋಸ್ಪೊರಿನ್ ಔಷಧಗಳನ್ನೇ ಕತ್ತರಿಸಿ ಹಾಕುವ ಇ. ಕೋಲೈ ಇಂದು ನಮ್ಮ ದೇಶದಲ್ಲಿ ಆರೋಗ್ಯವಂತರ ಕರುಳಲ್ಲೂ ಧಾರಾಳವಾಗಿ ಇದೆ. ಕರುಳಲ್ಲಿ ಇದ್ದಷ್ಟು ದಿನ ಅದು ತೊಂದರೆ ಕೊಡುವುದಿಲ್ಲ. ಆ ಮಗ್ಗಿನ ಹಿಡಿಯಿಂದ ಬೆರಳಿಗೆ, ಬೆರಳಿನಿಂದ ಇನ್ನೊಬ್ಬರ ಕ್ಯಾಥೆಟರ್‌ಗೋ ಗಾಯಕ್ಕೋ ದಾಟಿದಾಗ ಅದೇ ಕಾಯಿಲೆ. ಜೊತೆಗೆ ಈ ಬ್ಯಾಕ್ಟೀರಿಯಾಗಳು ರೆಸಿಸ್ಟೆನ್ಸ್‌ನ ಜೀನನ್ನು ಪ್ಲಾಸ್ಮಿಡ್ ಎಂಬ ತುಣುಕಿನಲ್ಲಿಟ್ಟು ಬೇರೆ ಜಾತಿಯ ಬ್ಯಾಕ್ಟೀರಿಯಾಗೂ ದಾಟಿಸುತ್ತವೆ. ಮೆರೊಪೆನೆಮ್ ಬಗೆಯ ಔಷಧಗಳಿಗೂ ಬಗ್ಗದ ಹಾಗೆ ಮಾಡುವ ಎನ್‌ಡಿಎಂ-1 ಜೀನ್ ಹಾಗೆ ದಾಟುತ್ತಲೇ ಹರಡಿತು. 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದೆಹಲಿಯ 50 ಕುಡಿಯುವ ನೀರಿನ ಮಾದರಿಗಳ ಪೈಕಿ 2ರಲ್ಲಿ ಅದು ಸಿಕ್ಕಿತ್ತು. ಆ ಸುದ್ದಿ ಬಂದಾಗ ನಮ್ಮ ಲ್ಯಾಬಿನಲ್ಲಿ ಯಾರೂ ಮಾತಾಡಲಿಲ್ಲ, ಅಷ್ಟು ಭಯವಾಗಿತ್ತು.

ಇನ್ನೊಂದು ರಾತ್ರಿಪಾಳಿಯದು. ಒಬ್ಬ ಡ್ರೆಸ್ಸಿಂಗ್ ಸಹಾಯಕ ಎದುರು ಹಾಸಿಗೆಯ ಗಾಯ ಒರೆಸಿದ ಗ್ಲೌಸಿನಲ್ಲೇ ಪರದೆ ಎಳೆದು, ಜೇಬಿನ ಮೊಬೈಲ್ ತೆಗೆದು ನೋಡಿ, ಅಕ್ಕನ ಪಟ್ಟಿ ಬಿಚ್ಚಲು ಬಂದ. ನಾನು ತಡೆದು, ಗ್ಲೌಸ್ ಬದಲಿಸಪ್ಪ, ಕೈಗೆ ಹ್ಯಾಂಡ್‌ರಬ್ ಹಾಕಿಕೋ ಅಂದೆ. ಅವನು ಮರುಮಾತಾಡದೆ ಮಾಡಿದ. ಗ್ಲೌಸು ಹಾಕಿದವನ ಕೈಯನ್ನು ಕಾಪಾಡುತ್ತದೆ, ಬದಲಾಯಿಸದಿದ್ದರೆ ರೋಗಿಗೆ ಅದು ಬರಿಗೈಗಿಂತ ಕೆಟ್ಟದ್ದು, ಯಾಕೆಂದರೆ ಬರಿಗೈ ಅಂಟಂಟಾದರೆ ಮನುಷ್ಯನಿಗೆ ತೊಳೆಯಬೇಕು ಅನ್ನಿಸುತ್ತದೆ. ಹಗಲಿನಲ್ಲಿ ನಾಲ್ಕು ಜನ ಇರುವ ವಾರ್ಡಿಗೆ ರಾತ್ರಿ ಇಬ್ಬರು. ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ, ಜನ ಹಾಕಬೇಕಾದವರು ಆಡಳಿತದವರು. ಹಾಗೆಂದೇ ಬರೆದುಕೊಟ್ಟೆ.

ಇಷ್ಟು ಸಣ್ಣದನ್ನು ಯಾಕೆ ಎತ್ತಿ ಆಡುತ್ತಾಳೆ ಅನ್ನಿಸಿದರೆ ಎರಡು ಅಂಕಿ ಹೇಳುತ್ತೇನೆ. 2019ರಲ್ಲಿ ಜಗತ್ತಿನಲ್ಲಿ ನೇರವಾಗಿ ಆಂಟಿಬಯಾಟಿಕ್ ರೆಸಿಸ್ಟೆನ್ಸ್‌ನಿಂದ ಸತ್ತವರು ಸುಮಾರು 12.7 ಲಕ್ಷ ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ 2022ರಲ್ಲಿ ಅಂದಾಜು ಪ್ರಕಟಿಸಿತು. ಅದೇ ಪತ್ರಿಕೆಯ 2024ರ ಲೇಖನಮಾಲೆಯ ಪ್ರಕಾರ, ಬಡ ಮತ್ತು ಮಧ್ಯಮ ಆದಾಯದ ದೇಶಗಳ ಆಸ್ಪತ್ರೆಗಳಲ್ಲಿ ಕೈ ಶುಚಿ, ಸಲಕರಣೆಗಳ ಶುಚಿಯಂಥ ಸೋಂಕು ತಡೆಯನ್ನು ಸರಿಯಾಗಿ ಮಾಡಿದರೆ ವರ್ಷಕ್ಕೆ 3,37,000 ಸಾವು ತಪ್ಪಿಸಬಹುದು. ಹೊಸ ಔಷಧ ಬೇಕಿಲ್ಲ ಅದಕ್ಕೆ. ಸೋಪು, ನೀರು, ಬಾಟಲಿ, ಸಾಕಷ್ಟು ಸಿಬ್ಬಂದಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಫಿಸಿಯೋಥೆರಪಿ ಚೆನ್ನಾಗಿದೆ, ಮೂರನೇ ದಿನಕ್ಕೇ ವಾಕರ್ ಹಿಡಿಸಿ ನಡೆಸಿದರು. ಕ್ಯಾಂಟೀನಿನ ಉಪ್ಪಿಟ್ಟು ಪರವಾಗಿಲ್ಲ, ಬಿಸಿನೀರು ಕೇಳಿದಷ್ಟು ಕೊಡುತ್ತಾರೆ. ಬಿಲ್ಲು ಮೊದಲೇ ಹೇಳಿದ ಅಂದಾಜಿನ ಒಳಗೇ ಬಂತು. ಪಾರ್ಕಿಂಗ್ ಇಕ್ಕಟ್ಟು. ಸಂಜೆ ಹೊತ್ತು ನೋಡಲು ಬರುವವರ ನೂಕುನುಗ್ಗಲು ಜಾಸ್ತಿ, ಮಂಚದ ಮೇಲೇ ಕೂರುತ್ತಾರೆ, ಸೆಕ್ಯುರಿಟಿಯವರು ಇನ್ನಷ್ಟು ಬಿಗಿಯಾಗಬೇಕು.

ಇಲ್ಲಿಗಾಗಲಿ ಬೇರೆಲ್ಲಿಗಾಗಲಿ ಸೇರಿಸುವವರು ಮನೆಯಿಂದಲೇ ಒಂದು ಸೋಪು, ಒಂದು ಚಿಕ್ಕ ಹ್ಯಾಂಡ್‌ರಬ್ ಬಾಟಲಿ, ನಿಮ್ಮದೇ ಒಂದು ಮಗ್ ತೆಗೆದುಕೊಂಡು ಹೋಗಿ. ಆಂಟಿಬ್ಯಾಕ್ಟೀರಿಯಲ್ ಅಂತ ಬರೆದ ದುಬಾರಿ ಸೋಪೇ ಬೇಕಿಲ್ಲ, ಕೈ ತೊಳೆಯಲು ಸಾಮಾನ್ಯ ಸೋಪು ಸಾಕು. ಹಳೆಯ ಕಲ್ಚರ್ ರಿಪೋರ್ಟ್ ಇದ್ದರೆ ಮೊದಲ ದಿನವೇ ತೋರಿಸಿ, ಮುಚ್ಚಿಡಬೇಡಿ. ನಿಮ್ಮ ರೋಗಿಯನ್ನು ಮುಟ್ಟಲು ಬಂದವರ ಕೈ ಶುಚಿಯಿಲ್ಲ ಅನ್ನಿಸಿದರೆ ಮರ್ಯಾದೆಯಿಂದ ಕೇಳಿ. ಇಲ್ಲಿ ನಾನು ಕೇಳಿದಾಗ ಒಬ್ಬರೂ ಸಿಡುಕಲಿಲ್ಲ.

ಹೊಲಿಗೆ ಬಿಚ್ಚಿಸಲು ಹೋದಾಗ ಅಕ್ಕನ ಗಾಯ ಪೂರ್ತಿ ಒಣಗಿತ್ತು. ವಾರ್ಡಿಗೂ ಒಮ್ಮೆ ಹೋಗಿ ನೋಡಿದೆ. ಕಾಮನ್ ಟಾಯ್ಲೆಟ್ಟಿನ ಹೊರಗೆ ಸೋಪಿನ ಪಂಪ್ ಬಂದಿದೆ, ಕಡೆಯವರಿಗಾಗಿ ಕನ್ನಡದಲ್ಲಿ ಒಂದು ಸೂಚನೆಯೂ ಹಚ್ಚಿದ್ದಾರೆ. ಬೆಡ್‌ಪ್ಯಾನ್ ಕೋಣೆಗೆ ರಾತ್ರಿ ಬೀಗ ಹಾಕುವುದು ಮಾತ್ರ ಇನ್ನೂ ನಿಂತಿಲ್ಲವಂತೆ. ಅದು ತೆರೆದ ದಿನ ಇನ್ನೊಂದು ಅಂಕ ಸೇರಿಸುತ್ತೇನೆ.